ರಾಜಾಜ್ಞೆಯೂ ವಾಲ್ವಿನ ಕೀಲಿಕೈಯೂ

ನೀರು ಬಿಡುವ ಮುನ್ನ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ನಮ್ಮ ಮನೆಯ ನಳಕ್ಕಿದೆ. ಕುಂದಗೋಳದಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೂ ಅದೇ ಚಟ. ಆದರೆ ನಳ ಕೆಮ್ಮಿದ ಮೇಲೆ ಉಪಯುಕ್ತವಾದದ್ದೇನಾದರೂ ಬರುತ್ತದೆ ಎಂಬುದು ನನ್ನ ಹೆಂಡತಿಯ ತೀರ್ಪು.

ಇವತ್ತು ಅದು ಕೆಮ್ಮಿದಾಗ ನನಗೆ ಮೈಯೆಲ್ಲ ಉರಿಯಿತು. ಊರ ಕೊನೆಯ ಓಣಿಗೂ ನಮ್ಮಷ್ಟೇ ನೀರು ಬಿಡಬೇಕೆಂದು ಮೇಲಿನಿಂದ ಆದೇಶ ಬಂದು ಬೇಸಿಗೆಯೇ ಮುಗಿಯುತ್ತ ಬಂತು. ಅಲ್ಲಿಯವರು ಇನ್ನೂ ಕೆರೆಯ ರಾಡಿಯನ್ನೇ ಸೋಸಿ ಕುಡಿಯುತ್ತಾರೆ. ವಾಲ್ವುಗಳನ್ನೆಲ್ಲ ತಿರುಗಿಸುವ ಕಬ್ಬಿಣದ ಕೀಲಿಕೈ ಇರುವುದು ಪಂಚಾಯಿತಿಯಲ್ಲಲ್ಲ, ಅಧ್ಯಕ್ಷ ಬಸನಗೌಡರ ಪಡಸಾಲೆಯ ಮೊಳೆಯಲ್ಲಿ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಪಾಠವನ್ನು ನಾನು ಬಲು ರಸವತ್ತಾಗಿ ಹೇಳುತ್ತಿದ್ದೆ. ನಿರಂಕುಶನೆಂದು ಹೆಸರಾದ ಆ ದೊರೆಯ ಅಪ್ಪಣೆ ಅರಮನೆ ದಾಟಿ ದೂರದ ಸೀಮೆ ಸೇರುವಷ್ಟರಲ್ಲಿ ಬಡಕಲಾಗುತ್ತಿತ್ತು. ಅಲ್ಲಿಯ ನ್ಯಾಯಪೀಠಗಳು ದಾಖಲಿಸಿಕೊಂಡರಷ್ಟೇ ಅದು ಜಾರಿ; ಅವೋ ಮೀನಮೇಷ ಎಣಿಸುತ್ತಿದ್ದವು. ಹುದ್ದೆಯನ್ನೇ ಕೊಂಡು ಮನೆತನದ ಆಸ್ತಿ ಮಾಡಿಕೊಂಡವರನ್ನು ಕಿತ್ತೊಗೆಯುವುದು ದೊರೆಗೂ ಸುಲಭವಿರಲಿಲ್ಲ. ನಿರಂಕುಶನಿಗೂ ಅಂಕುಶವಿತ್ತು ನೋಡಿ, ಎಂದು ಬೀಗುತ್ತಿದ್ದೆ. ಆ ಅಂಕುಶ ಹಿಡಿದ ಕೈಗಳೇ ರೈತನ ಕುತ್ತಿಗೆಯನ್ನೂ ಹಿಡಿದಿದ್ದವೆಂಬುದನ್ನು ಗಂಟೆ ಹೊಡೆಯುವ ಹೊತ್ತಿಗೆ ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ.

ಸಿಟ್ಟಿನಲ್ಲೇ ಗೌಡರ ಮನೆಗೆ ನಡೆದೆ. ಕೊನೆಯ ಓಣಿಯ ಸುಜಾತಾ ಆಗಲೇ ಖಾಲಿ ಕೊಡ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದಳು; ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಸ್ವತಃ ಶಿಕ್ಷಕಿ.

"ಸರಕಾರದ ಆದೇಶಕ್ಕ ಯಾರು ಬ್ಯಾಡ ಅಂದಾರ್ರಿ, ಸರ? ಅಗದಿ ಮರ್ಯಾದಿಲೆ ಫೈಲಿನ್ಯಾಗ ಇಟ್ಟೇವಿ," ಎಂದರು ಗೌಡರು. "ಕೀಲಿಕೈ ಎಲ್ಲೈತೋ, ಹುಡುಕಬೇಕು."

ಅದು ಅವರ ತಲೆಯ ಹಿಂದೆಯೇ ತೂಗುತ್ತಿತ್ತು. ತುದಿಯಲ್ಲಿ ಹಸಿ ಕೆಸರು. ಬೆಳಿಗ್ಗೆ ನಮ್ಮ ಬೀದಿಗೆ ನೀರು ಬಿಟ್ಟು ಬಂದ ಕೆಸರು. ಫ್ರಾನ್ಸಿನ ದೊರೆಗೆ ಎದುರಾದವರು ಕಡೇಪಕ್ಷ ಉದ್ದುದ್ದ ಕಾರಣಗಳನ್ನಾದರೂ ಬರೆದು ಕಳಿಸುತ್ತಿದ್ದರು. ನಮ್ಮ ಗೌಡರಿಗೆ ಆ ಶ್ರಮವೂ ಬೇಡ. ನಾನು ಕೇಳದೆಯೇ ಕೀಲಿಕೈಯನ್ನು ಮೊಳೆಯಿಂದ ತೆಗೆದುಕೊಂಡೆ. ಸುಜಾತಾ ಕೊಡ ಹಿಡಿದು ನನ್ನ ಹಿಂದೆಯೇ ಬಂದಳು.

ಕೊನೆಯ ಓಣಿಯ ವಾಲ್ವ್ ತಿರುಗಿಸಲು ನನ್ನ ಸೊಂಟವೇ ಮುರಿಯಿತು. ಅಲ್ಲಿಯ ನಳವೂ ನಮ್ಮ ನಳದಂತೆಯೇ ಕೆಮ್ಮಿತು, ಕೆಂಪು ತುಕ್ಕು ಉಗುಳಿತು, ಆಮೇಲೆ ನೀರು ಬಂತು. ಹೆಂಗಸರು ಕೊಡ ಹಚ್ಚಿದರು. ನಾನು ಯುದ್ಧ ಗೆದ್ದವನ ಗತ್ತಿನಲ್ಲಿ ಕೀಲಿಕೈಯನ್ನು ಹೆಗಲ ಮೇಲಿಟ್ಟುಕೊಂಡು ಮನೆಯ ಕಡೆ ತಿರುಗಿದೆ.

"ಸರ, ಇನ್ ಮ್ಯಾಲೆ ಅದು ನಿಮ್ಮ ಮನ್ಯಾಗ ಇರತೈತೇನ್ರಿ?" ಎಂದು ಕೇಳಿದ ಸುಜಾತಾ ಕೈ ಚಾಚಿದಳು.