ಗೋಡೆ ಮೇಲಿನ ಕಲಾಕಾರ

ಸೊಲ್ಲಾಪುರದ ನಮ್ಮ ಗಲ್ಲಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರ್ ಮಾಮಾ ಒಂದು ಮರಾಠಿ ಸೀರಿಯಲ್ ನೋಡಿ ಕೆಟ್ಟ. ಅದರಲ್ಲಿ ಅರಮನೆಯಂಥ ಮನೆ. ಹೆಂಗಸರು ಮಲಗುವಾಗಲೂ ಜರಿಯ ಪೈಠಣಿ ಸೀರೆ ಉಟ್ಟಿರುತ್ತಾರೆ. ಯಜಮಾನ ದೊಡ್ಡ ಚಿತ್ರಕಾರ; ತನ್ನನ್ನು ಬಿಟ್ಟು ಯಾರ ಚಿಂತೆಯೂ ಇಲ್ಲ. ಅವನು ಕುಂಚ ಬಿಸಾಡಿದರೆ ಸಾಕು, ಇಡೀ ಕುಟುಂಬ ಸಾಲಾಗಿ ನಿಂತು ಅಳುತ್ತದೆ.

ಮಾಮಾನಿಗೆ ಆ ಅಳು ಬಹಳ ಹಿಡಿಸಿತು. ಕೂದಲು ಬೆಳೆಸಿದ, ಹೆಗಲಿಗೆ ಶಾಲು ಬಂತು. ಅಂಗಡಿಯವರು ಬಂದರೆ ಕಣ್ಣು ಅರೆಮುಚ್ಚಿ, “ಮೂಡ್ ಇಲ್ರಿ. ಕಲಾಕಾರ ಅದೀನಿ,” ಎನ್ನುತ್ತಿದ್ದ. ಅವನ ಹೆಂಡತಿ, ನಮ್ಮ ಮಾಮಿ, ಒಳಗಿನಿಂದಲೇ, “ಕಲಾಕಾರ್ರ, ಜ್ವಾಳ ಬೀಸಿಸ್ಕೊಂಡ ಬರ್ರಿ,” ಎನ್ನುತ್ತಿದ್ದಳು. ಹೋಗುತ್ತಿದ್ದ, ಶಾಲು ಹೊದ್ದುಕೊಂಡೇ.

ಮದುವೆ ಮನೆಯ ಗೋಡೆಗೆ ವಧೂವರರ ಹೆಸರು ಬರೆಯುವುದು ನಮ್ಮಲ್ಲಿ ರೂಢಿ. ಮಗಳ ಮದುವೆಗೆ ಮಾಮಾ ಬಾಗಿಲ ಪಕ್ಕ ಒಂದು ಆನೆ ಬಿಡಿಸಿ, ಅದರ ಮೇಲ್ಗಡೆ ಮಗಳ ಹೆಸರು ಬರೆದು, ಹೆಸರಿನ ಕೆಳಗೆ ತನ್ನ ಸಹಿ ಹಾಕಿದ. ಸಹಿ ಎಷ್ಟು ದೊಡ್ಡದಾಯಿತೆಂದರೆ, ಅಳಿಯನ ಹೆಸರಿಗೆ ಆನೆಯ ಹೊಟ್ಟೆಯ ಕೆಳಗಷ್ಟೇ ಜಾಗ ಉಳಿಯಿತು.

ಅಕ್ಕಲಕೋಟದಿಂದ ಬಂದ ವರನ ಕಾಕಾ ಮಾಮಾನನ್ನು ಬರೀ ಪೇಂಟರ್ ಎಂದೇ ಬಲ್ಲವರು; ಅವನ ಹೆಸರು ಅವರಿಗೆ ಗೊತ್ತಿರಲಿಲ್ಲ. ಗಾಡಿ ಇಳಿದು ಗೋಡೆ ಓದಿ ಗಾಬರಿಯಾದರು.

“ಹುಡುಗನ್ನ ಬದಲಿ ಮಾಡೀರೇನ್ರಿ?”

ಆರತಿ ತಟ್ಟೆ ಹಿಡಿದಿದ್ದ ಮಾಮಿ ಗೋಡೆಯತ್ತ ಒಮ್ಮೆ ನೋಡಿದಳು.

“ಇಲ್ರಿ. ನಿಮ್ಮ ಹುಡುಗ ಆನಿ ಕೆಳಗ ಅದಾನ. ಮ್ಯಾಲಿನವ್ರು ನನಗ ಗಂಟಬಿದ್ದವ್ರು.”