ಆಸ್ಪತ್ರೆ ಬಿಟ್ಟ ರೋಬೋಟು

ಬೇರೆಯವರ ವಸ್ತುವಿನ ಮೇಲೆ ಕಣ್ಣು ಹಾಕಬಾರದೆಂದು ಗೊತ್ತಿದ್ದೂ ನಾನು ಎರಡು ವರ್ಷ ಚಾಮರಾಜಪೇಟೆಯ ಒಂದು ಆಸ್ಪತ್ರೆಯ ಗೋದಾಮಿನ ಮೇಲೆ ಕಣ್ಣಿಟ್ಟಿದ್ದೆ. ಅಲ್ಲಿ ಶಸ್ತ್ರಚಿಕಿತ್ಸೆಯ ಹಳೆಯ ರೋಬೋಟೊಂದು ಬೆಡ್‌ಶೀಟ್ ಹೊದ್ದು ನಿಂತಿತ್ತು. ಆಸ್ಪತ್ರೆಗೆ ಹೊಸದು ಬಂದಿತ್ತು. ಹಳೆಯದಕ್ಕೆ ಬಿಡಿಭಾಗ ಸಿಗುತ್ತಿರಲಿಲ್ಲ. ಬಸವನಗುಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ರೋಬೋಟುಗಳ ಪಾಠ ಹೇಳುವ ನಾನು ಅಂಥದ್ದನ್ನು ಮುಟ್ಟಿಯೂ ನೋಡಿರಲಿಲ್ಲ. ಈಜು ಬಾರದವಳು ಕಪ್ಪುಹಲಗೆಯ ಮೇಲೆ ಈಜು ಕಲಿಸಿದ ಹಾಗೆ ಹದಿನಾರು ವರ್ಷ ಕಳೆದಿದ್ದೆ. ಕ್ಲಾಸಿನಲ್ಲಿ ಅದರ ಚಿತ್ರ ಬರೆಯುವಾಗಲೆಲ್ಲ ಹೊದಿಕೆಯ ಕೆಳಗಿನ ಆ ನಾಲ್ಕು ಕೈಗಳು ನೆನಪಾಗಿ ಗೆರೆ ಸೊಟ್ಟಗಾಗುತ್ತಿತ್ತು.

ಅದನ್ನು ನಮ್ಮ ಕಾಲೇಜಿಗೆ ಕೊಡಿ ಎಂದು ಆಸ್ಪತ್ರೆಗೆ ಅರ್ಜಿಯ ಮೇಲೆ ಅರ್ಜಿ ಹಾಕಿದೆ. ಕೊನೆಗೆ, ಅದೇ ಆಸ್ಪತ್ರೆಯಿಂದ ನಿವೃತ್ತರಾಗಿದ್ದ ಡಾಕ್ಟರ್ ಸಿದ್ದರಾಜು ಅವರ ತ್ಯಾಗರಾಜನಗರದ ಮನೆಗೆ ಹೋದೆ. ಆ ಯಂತ್ರದ ಮುಂದೆ ಕೂತು ನೂರಾರು ಜನರಿಗೆ ಆಪರೇಷನ್ ಮಾಡಿದವರು. ಕಾಫಿ ಲೋಟ ಎತ್ತಿದಾಗ ಅವರ ಕೈ ನಡುಗಿತು. ನಾನು ಕಿಟಕಿಯ ಕಡೆ ನೋಡಿದೆ.

“ಅದಿನ್ನೂ ಅಲ್ಲೇ ಇದ್ಯಾ?” ಎಂದರು, ದೂರದ ಊರಿನಲ್ಲಿ ಬಿಟ್ಟುಬಂದ ತಮ್ಮನನ್ನು ವಿಚಾರಿಸುವವರಂತೆ. ಮಾರನೆಯ ದಿನವೇ ಹೋಗಿ ಆಡಳಿತದವರ ಹತ್ತಿರ ನನ್ನ ಪರವಾಗಿ ಮಾತಾಡಿದರು.

ಮನುಷ್ಯರ ಮೇಲೆ ಎಂದೂ ಬಳಸುವುದಿಲ್ಲವೆಂದು ನಾನು ಬರೆದುಕೊಟ್ಟೆ. ತಯಾರಕರು ಬಂದು ತಮ್ಮ ಸಾಫ್ಟ್‌ವೇರ್ ಅಳಿಸಿ ಹೋದರು. ಹೀಗೆ ಲಾರಿಯಿಂದ ಇಳಿದದ್ದು ಮಿದುಳಿಲ್ಲದ ನಾಲ್ಕು ಕೈಗಳು. ಅವು ಲ್ಯಾಬಿನ ಬಾಗಿಲಲ್ಲಿ ತೂರದೆ ಚೌಕಟ್ಟನ್ನೇ ಕೀಳಿಸಬೇಕಾಯಿತು. ಪ್ರಿನ್ಸಿಪಾಲರು ಒಂದು ವಾರ ನನ್ನ ಮುಖ ನೋಡಲಿಲ್ಲ. ನಮ್ಮದೇ ಪ್ರೋಗ್ರಾಂ ಬರೆಯಲು ನನಗೂ ಪಿಎಚ್.ಡಿ. ಮಾಡುತ್ತಿದ್ದ ಕವಿತಾಳಿಗೂ ಒಂದೂವರೆ ವರ್ಷ ಹಿಡಿಯಿತು. ಯಂತ್ರದ ಹಿಡಿಗಳನ್ನು ಹಿಡಿದು ಕೂತವರ ಕೈ ನಡುಗಿದರೂ ಅದರ ಕೈಯಲ್ಲಿನ ಸೂಜಿ ನಡುಗಬಾರದು. ಎಲ್ಲಕ್ಕಿಂತ ಸತಾಯಿಸಿದ್ದು ಅದೇ.

ಅದು ಒಲಿದ ದಿನ ಡಾಕ್ಟರನ್ನು ಕರೆದೆವು. ಹೊಲಿಯಲು ಬಾಳೆಹಣ್ಣಿನ ಸಿಪ್ಪೆ ಇಟ್ಟೆವು. ಅವರು ಹಿಡಿಗಳಲ್ಲಿ ಬೆರಳು ತೂರಿಸಿ ಯಂತ್ರದ ಪರದೆಯತ್ತ ಬಗ್ಗಿದರು. ಬೆರಳು ನಡುಗುತ್ತಲೇ ಇತ್ತು. ಆಚೆ ಸೂಜಿ ಮಾತ್ರ ನೆಟ್ಟಗೆ ಹೋಗಿ ಬಂದು, ಏಳು ಹೊಲಿಗೆ ಹಾಕಿ ಗಂಟು ಬಿಗಿಯಿತು. ಕವಿತಾ ಅಳತೆ ಬರೆದುಕೊಳ್ಳುವುದನ್ನೇ ಮರೆತಳು.

ನಮ್ಮ ಪರೀಕ್ಷೆ ಅಷ್ಟಕ್ಕೇ ಮುಗಿದಿತ್ತು. ಅವರು ಏಳಲಿಲ್ಲ. ತಲೆ ಎತ್ತದೆಯೇ ಕೇಳಿದರು, “ಮೇಡಂ, ಇನ್ನೊಂದು ಹಣ್ಣಿದ್ಯಾ?”

ನಾನೇ ಗಾಂಧಿ ಬಜಾರಿಗೆ ನಡೆದು ಒಂದು ಚಿಪ್ಪು ಬಾಳೆಹಣ್ಣು ತಂದೆ. ಇಷ್ಟು ದಿನ ಆ ಯಂತ್ರಕ್ಕಾಗಿ ಹಂಬಲಿಸಿದವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು. ಅಂದು ಸಂಜೆಯವರೆಗೆ ಹಣ್ಣು ನನಗೂ ಕವಿತಾಳಿಗೂ, ಸಿಪ್ಪೆ ಡಾಕ್ಟರಿಗೆ. ಹಂಚಿಕೆಯಲ್ಲಿ ಸಿಪ್ಪೆ ಪಡೆದು ಅಷ್ಟು ಸುಖವಾಗಿದ್ದವರನ್ನು ನಾನು ಬೇರೆಲ್ಲೂ ಕಂಡಿಲ್ಲ.