ಒದ್ದೆ ಬಟ್ಟೆಗೆ ಸಿಕ್ಕ ಬೆಟ್ಟ

ಗಲ್ಫಿನ ಬಿನ್ ಮಹಮೂದ್ ಬಡಾವಣೆಯ ನಮ್ಮ ರೂಮಿನಲ್ಲಿದ್ದ ಬಂಟ್ವಾಳದ ಡ್ರೈವರಿಗೆ, ತನ್ನ ದೇಶಕ್ಕೆ ಮರಳುವಾಗ ಇಂಗ್ಲಿಷ್ ಬಾಸ್ ಬೆಟ್ಟಸಾಲಿನ ಚಿತ್ರವೊಂದನ್ನು ಕೊಟ್ಟಿದ್ದ. ವಿಕ್ಟೋರಿಯಾ ರಾಣಿಯ ಕಾಲದ ವಾಟರ್‌ಕಲರ್. ಡ್ರೈವರ್ ಅದನ್ನು ಮಾರಿ ಊರಲ್ಲಿದ್ದ ಹೆಂಡತಿಯ ಆಪರೇಷನ್ ಮಾಡಿಸಬೇಕೆಂದಿದ್ದ. ಹಳೇ ಸಾಮಾನಿನ ವ್ಯಾಪಾರಿಯಾದ ನಾನು ಚೌಕಾಸಿ ಮಾಡಿ ಗಿರಾಕಿಯನ್ನು ಒಪ್ಪಿಸಿದೆ. ಗಿರಾಕಿ ಬರುವ ಸಂಜೆ ನೋಡಿದರೆ, ಇವನು ಗಾಜು ತೆಗೆದು ಚಿತ್ರವನ್ನೇ ಒದ್ದೆ ಬಟ್ಟೆಯಿಂದ ಉಜ್ಜಿದ್ದ. ಬೆಟ್ಟವೆಲ್ಲ ಕೆಸರಾಗಿತ್ತು.

“ಎಂಥ ಮಾಡಿದ್ದು ಮಾರಾಯ?”

“ವಾಟರ್ ಕಲರ್ ಅಂದ್ರಲ್ಲ ಅಣ್ಣ, ಗೋಡೆ ಪೇಂಟಿನ ಹಾಗೆ ತೊಳೀಲಿಕ್ಕೆ ಆಗ್ತದೆ ಅಂತ…”

ಹಳೆಯ ಚಿತ್ರ ಕೈಗೆ ಬಂದರೆ ಧೂಳನ್ನೂ ಮುಟ್ಟಬೇಡಿ. ಬಲ್ಲವರು ಧೂಳಿನ ಸಮೇತ ಕೊಳ್ಳುತ್ತಾರೆ. ಇದನ್ನು ಅವನಿಗೆ ಹೇಳಿ ಈಗೇನು ಫಲ?

“ಫ್ರೇಮಿಗಾದ್ರೂ ಏನಾದ್ರೂ ಸಿಗ್ತದಾ?” ಎಂದ.

“ಎರಡು ಹೊತ್ತಿನ ಊಟದ ದುಡ್ಡು ಸಿಗಬಹುದು” ಎಂದೆ.

ಊರಿಂದ ಹೆಂಡತಿಯ ಫೋನ್ ಬರುತ್ತಲೇ ಇತ್ತು. ಅವನು ಎತ್ತಲಿಲ್ಲ.